ಮೋಟಾರಿನ ಮೇಲೆ ಹೊರಿಸಿದ ತಪ್ಪು

ನನ್ನ ಅಕ್ಕನ ಗಂಡ, ಅಂದರೆ ಭಾವನವರು, ಜೀವನದಲ್ಲಿ ಒಂದು ತಪ್ಪನ್ನೂ ಮಾಡಿದವರಲ್ಲ. ಮಾಡಿದ್ದೆಲ್ಲ ಅವರ ಸುತ್ತ ಇದ್ದ ಸಾಮಾನುಗಳು. ಸ್ಕೂಟರು ಕಾಂಪೌಂಡಿಗೆ ಗುದ್ದಿದರೆ ಕಾಂಪೌಂಡು ಕಟ್ಟಿದ ಮೇಸ್ತ್ರಿಗೆ ಬೈಗುಳ. ಕನ್ನಡಕವಿಲ್ಲದೆ ಪೇಪರು ಓದಲಾಗದಿದ್ದರೆ ಈಗಿನವರ ಮಸಿ ಸರಿಯಿಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದ ಮನುಷ್ಯ. ಸಹಿ ತಮ್ಮದು, ತಪ್ಪು ಕೆಳಗಿನವರದು ಎಂಬ ಏರ್ಪಾಡು ಮೈಗೆ ಹತ್ತಿಬಿಟ್ಟಿತ್ತು. ನಿವೃತ್ತಿಯಾದ ಮೇಲೆ ಕೆಳಗಿನವರು ಯಾರೂ ಉಳಿಯಲಿಲ್ಲ. ಉಳಿದದ್ದು ಅಕ್ಕ, ಜತೆಗೆ ಮನೆಯಲ್ಲಿದ್ದ ಯಂತ್ರಗಳು.

ಹೊಸದುರ್ಗದ ಮನೆಯಲ್ಲಿ ಕೂತ ಮೇಲೆ ಅವರಿಗೆ ಹಾಡಿನ ಹುಚ್ಚು ಹೆಚ್ಚಿತು. ಮೊದಲೂ ಹಾಡುತ್ತಿದ್ದರು, ಕಚೇರಿ ಇದ್ದುದರಿಂದ ಊರು ಅಷ್ಟರ ಮಟ್ಟಿಗೆ ಬಚಾವಾಗಿತ್ತು. ಈಗ ತಾವೇ ಪದ ಕಟ್ಟುವುದು, ತಾವೇ ರಾಗ ಹಾಕುವುದು, ತಾವೇ ಹಾರ್ಮೋನಿಯಂ ಬಾರಿಸುತ್ತ ಹಾಡುವುದು. ಪದಗಳಲ್ಲಿ ದೇಹ ಬಾಡಿಗೆ ಮನೆಯಾಗಿರುತ್ತಿತ್ತು, ಮನಸ್ಸು ಮಂಗನಾಗಿರುತ್ತಿತ್ತು, ಸಂಸಾರ ಸಂತೆಯಾಗಿರುತ್ತಿತ್ತು. ಗಂಟಲು ಕೆಟ್ಟದ್ದಲ್ಲ, ಅದನ್ನು ಒಪ್ಪುತ್ತೇನೆ. ಹಬ್ಬಕ್ಕೆ, ನಾಮಕರಣಕ್ಕೆ, ಯಾರೂ ಕರೆಯದ ದಿನಕ್ಕೂ ಹಾಡಿದರು. ಪಕ್ಕದಲ್ಲಿ ಅಕ್ಕ ಕೂತು ಕಂಚಿನ ತಾಳ ಹಾಕುತ್ತಿದ್ದಳು. ತುಂಬಾ ಗಟ್ಟಿಯಾಗಿ ಹಾಕುತ್ತಿದ್ದಳು. ಮನೆಯಲ್ಲಿ ಗಟ್ಟಿಯಾಗಿ ಮಾತೇ ಆಡದ ಈ ಹೆಂಗಸು ತಾಳವನ್ನೇಕೆ ಇಷ್ಟು ಜೋರಾಗಿ ಕುಟ್ಟುತ್ತಾಳೆ ಎಂದು ನನಗೆ ಆಶ್ಚರ್ಯವಾಗುತ್ತಿತ್ತು.

ನಾನು ಚಿತ್ರದುರ್ಗದಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು. ಇಡೀ ಊರು ಮೊಬೈಲಿನಲ್ಲಿ ಹಾಡು ಕೇಳುವ ಕಾಲದಲ್ಲೂ ನಮ್ಮ ಪಠ್ಯದಲ್ಲಿ ಸೀಡಿ ಪ್ಲೇಯರು ಭದ್ರವಾಗಿ ಕೂತಿತ್ತು. ಸೀಡಿ ಹೇಗೆ ತಿರುಗುತ್ತದೆ ಎಂದು ಕೇಳಿದರೆ ಅರ್ಧ ತರಗತಿ 'ಒಂದೇ ವೇಗದಲ್ಲಿ' ಎಂದು ಬರೆಯುತ್ತಿತ್ತು. ಗ್ರಾಮಫೋನ್ ತಟ್ಟೆ ಹಾಗೆ ತಿರುಗುತ್ತದೆ, ಸೀಡಿ ಹಾಗೆ ತಿರುಗುವುದಿಲ್ಲ. ಪ್ರತಿ ವರ್ಷ ಇದನ್ನು ಬೋರ್ಡಿನ ಮೇಲೆ ಬರೆದು ಒರೆಸುತ್ತಿದ್ದೆ. ಈ ಪಾಠ ನನ್ನ ಸ್ವಂತ ಅಕ್ಕನ ಮನೆಯಲ್ಲಿ ಉಪಯೋಗಕ್ಕೆ ಬಂದೀತು ಎಂದು ಅಂದುಕೊಂಡಿರಲಿಲ್ಲ.

ಒಂದು ದಿನ ಭಾವನವರು ಫೋನ್ ಮಾಡಿ ತಮ್ಮ ಪದಗಳ ಸೀಡಿ ಹೊರತರುವುದಾಗಿ ಹೇಳಿದರು.

"ಸೀಡಿ ಯಾಕೆ ಭಾವ? ಈಗ ಯಾರ ಮನೇಲಿ ಪ್ಲೇಯರ್ ಐತೆ?" ಎಂದೆ.

"ನಮ್ಮ ಮನೇಲಿ ಐತಲ್ಲಮ್ಮ."

"ನಿಮ್ಮ ಹಾಡು ನೀವೇ ಕೇಳ್ತೀರಾ? ಪೆನ್ ಡ್ರೈವ್‌ಗೆ ಹಾಕ್ಸಿ, ಎಲ್ಲರೂ ಕೇಳ್ತಾರೆ."

"ಪೆನ್ ಡ್ರೈವ್ ಕೊಟ್ರೆ ಕೀ ಚೈನ್ ಅಂತ ತಿಳ್ಕೊಂತಾರೆ. ಸೀಡಿ ಅಂದ್ರೆ ಅದಕ್ಕೊಂದು ಗೌರವ ಐತೆ. ಮೇಲೆ ಫೋಟೋ ಬರ್ತೈತೆ."

ಫೋಟೋ ಬರುತ್ತದೆ ಎಂಬುದೇ ಮುಖ್ಯ ಕಾರಣ ಎಂದು ಆಮೇಲೆ ಗೊತ್ತಾಯಿತು. ಚಿತ್ರದುರ್ಗದ ಕೋಟೆಯ ಬಾಗಿಲ ಮುಂದೆ ಶಾಲು ಹೊದ್ದು, ಗದ್ದ ಸ್ವಲ್ಪ ಮೇಲೆತ್ತಿ ನಿಂತು ತೆಗೆಸಿಕೊಂಡರು. ಆ ಮುಖವನ್ನು ಪೆಟ್ಟಿಗೆಯ ಮೇಲೆ ಹಾಕಿದ್ದು ಸಾಲದೆ ಸೀಡಿಯ ಬೆನ್ನ ಮೇಲೂ ಅಚ್ಚು ಹಾಕಿಸಿದರು. ನಡುವಿನ ತೂತು ಸರಿಯಾಗಿ ಎದೆಯ ಮೇಲೆ ಬಂದಿತ್ತು.

ದುರ್ಗದಲ್ಲಿ ಮದುವೆ ವಿಡಿಯೋ ಮಾಡುವವರೊಬ್ಬರು ಹಿಂದಿನ ಕೋಣೆಯ ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿದು ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟಿದ್ದರು. ರೆಕಾರ್ಡಿಂಗ್ ಅಲ್ಲೇ. ನಾನೂ ಹೋಗಿದ್ದೆ. ತಬಲಾಕ್ಕೆ ಆದಿವಾಲದ ಒಬ್ಬ ಮೇಷ್ಟ್ರು ಬಂದಿದ್ದರು. ಹಿರಿಯೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಕೈ ಒಳ್ಳೆಯದು, ಸಿಟ್ಟು ಅದಕ್ಕಿಂತ ಚುರುಕು. ಅಕ್ಕ ಕೂಡ ತನ್ನ ತಾಳವನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಮೈಕಿನ ಮುಂದೆ ಕೂರಲು ಹೋದಾಗ ಭಾವನವರು ತಡೆದರು.

"ತಾಳ ಬ್ಯಾಡ ಕಣೇ. ತಾಳ ಇದ್ರೆ ಹಳ್ಳಿ ಭಜನೆ ಇದ್ದಂಗಿರ್ತೈತೆ. ಇದು ರೆಕಾರ್ಡಿಂಗು."

ಅಕ್ಕ ಗಾಜಿನ ಗೋಡೆಯ ಈಚೆ ಬಂದು ನನ್ನ ಪಕ್ಕ ಕೂತಳು. ಮಡಿಲಲ್ಲಿ ನೀರಿನ ಬಾಟಲಿ, ಭಾವನವರ ಮಫ್ಲರು, ಬಟ್ಟೆ ಸುತ್ತಿದ ತಾಳ. ಒಳಗೆ ಹಾಡು ಶುರುವಾಯಿತು. ಮೊದಲ ಎರಡು ನುಡಿ ಚೆನ್ನಾಗಿಯೇ ಬಂತು. ಮೂರನೆಯ ನುಡಿಗೆ ಭಾವನವರ ಭುಜ ಕುಣಿಯತೊಡಗಿತು. ನಾಲ್ಕನೆಯದಕ್ಕೆ ಹಾಡು ಇಳಿಜಾರಿಗೆ ಬಿದ್ದ ಸೈಕಲ್ಲಿನಂತೆ ಹೋಯಿತು. ತಬಲಾ ಮೇಷ್ಟ್ರು ಎರಡು ಸಲ ಹಿಡಿದು ಎಳೆಯಲು ನೋಡಿ, ಕೊನೆಗೆ ಕೈ ನಿಲ್ಲಿಸಿದರು.

"ಸರ್, ಸ್ವಲ್ಪ ಹಿಡೀರಿ. ಓಡ್ತಾ ಐತೆ."

"ಏನ್ ಹಿಡೀಬೇಕ್ರಿ? ಭಕ್ತಿ ಉಕ್ಕಿದಾಗ ಹಾಡು ನಿಲ್ತೈತೇನ್ರಿ? ನೀವು ಹಿಂದೆ ಬರ್ರಿ ಅಷ್ಟೇ."

ಮೇಷ್ಟ್ರು ಹಿಂದೆ ಹೋದರು. ಉಳಿದ ಹಾಡುಗಳಲ್ಲೂ ಹಿಂದೆ ಹಿಂದೆಯೇ ಹೋದರು. ಗಾಜಿನೊಳಗೆ ಅವರ ಮುಖ ತಪ್ಪು ಲೆಕ್ಕಕ್ಕೆ ಪೂರ್ತಿ ಅಂಕ ಕೊಡಬೇಕಾಗಿ ಬಂದವರಂತೆ ಇತ್ತು. ಅಕ್ಕ ಈಚೆ ಕೂತು ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು. ಆ ಬೆರಳಿಗೂ ಒಳಗಿನ ಹಾಡಿಗೂ ಸಂಬಂಧವೇ ಉಳಿದಿರಲಿಲ್ಲ.

ಸೀಡಿ ಬಿಡುಗಡೆ ಹೊಳಲ್ಕೆರೆಯ ಒಂದು ಸಮುದಾಯ ಭವನದಲ್ಲಿ. ಭಾವನವರ ಜತೆ ಕೆಲಸ ಮಾಡಿ ನಿವೃತ್ತರಾದವರೆಲ್ಲ ಸೇರಿದ್ದರು. ಹೂವಿನ ಹಾರ, ಕೇಸರಿಬಾತು, ಭಾಷಣಗಳು. ಭಾಷಣ ಮಾಡಿದವರಲ್ಲಿ ಒಬ್ಬರೂ ಹಾಡು ಕೇಳಿರಲಿಲ್ಲ, ಆದ್ದರಿಂದ ಎಲ್ಲರೂ ಮುಕ್ತವಾಗಿ ಹೊಗಳಿದರು. ಆಮೇಲೆ ಮೈಕಿನ ಹುಡುಗ ತನ್ನ ಪ್ಲೇಯರಿಗೆ ಸೀಡಿ ಹಾಕಿದ. ಮೊದಮೊದಲು ಜನ ತಲೆದೂಗಿದರು. ಹೆಂಗಸರು ಹಾಡಿನ ಲಯಕ್ಕೆ ಚಪ್ಪಾಳೆ ತಟ್ಟಿದರು. ಪ್ರತಿ ಹಾಡಿನ ಕೊನೆಗೂ ಚಪ್ಪಾಳೆ ಹಿಂದೆ ಬಿತ್ತು, ಹಾಡು ಮುಂದೆ ಹೋಯಿತು. ಕೊನೆಯ ಪದದ ಹೊತ್ತಿಗೆ ಹೆಂಗಸರು ತಟ್ಟುವುದು ಬಿಟ್ಟು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ಹಳೇ ಸಹೋದ್ಯೋಗಿಯೊಬ್ಬರು ಗಟ್ಟಿಯಾಗಿ ಕೇಳಿಯೇಬಿಟ್ಟರು, "ಏನ್ ಸಾಹೇಬ್ರೆ, ಬಸ್ ತಪ್ಪೋಗ್ತಿತ್ತಾ?"

ಭಾವನವರು ಎದ್ದು ನಿಂತರು. "ಮಿಷನ್ ಸ್ಪೀಡ್ ಜಾಸ್ತಿ ಐತಪ್ಪ! ಕಡಿಮೆ ಮಾಡು!"

ಸೀಡಿ ಪ್ಲೇಯರಿನಲ್ಲಿ ವೇಗದ ಗುಂಡಿ ಎಲ್ಲಿಂದ ಬರಬೇಕು? ಆ ಹುಡುಗ ಒಂದು ಕ್ಷಣ ತಬ್ಬಿಬ್ಬಾಗಿ, ಕೈಗೆ ಸಿಕ್ಕ ಗುಂಡಿಯನ್ನು ಎಡಕ್ಕೆ ತಿರುಗಿಸಿದ. ದನಿ ಸಣ್ಣದಾಯಿತು. ಭಾವನವರು ಸಮಾಧಾನದಿಂದ ಕೂತು, "ಈಗ ನೋಡ್ರಿ, ಸರಿಹೋಯ್ತು" ಎಂದರು. ಸುತ್ತ ಇದ್ದವರೂ ಹೌದು ಹೌದು ಎಂದು ತಲೆಯಾಡಿಸಿದರು. ಸರ್ಕಾರ ಇಂಥವರ ಕೈಯಲ್ಲಿ ಇಷ್ಟು ವರ್ಷ ಹೇಗೆ ನಡೆಯಿತು ಎಂದು ನನಗೆ ಆ ದಿನ ಅರ್ಥವಾಯಿತು.

ಮನೆಗೆ ಹೋಗಿ ತಮ್ಮ ಪ್ಲೇಯರಿಗೆ ಹಾಕಿದರು. ಅದರಲ್ಲೂ ಹಾಡು ಓಡಿತು. ಎರಡು ಬೇರೆ ಬೇರೆ ಯಂತ್ರಗಳಲ್ಲಿ ಒಂದೇ ದೋಷ ಬಂದರೆ ದೋಷ ಯಂತ್ರದಲ್ಲಿರಲಾರದು ಎಂದು ಯಾರಿಗಾದರೂ ಹೊಳೆಯಬೇಕು. ಭಾವನವರಿಗೆ ಹೊಳೆದದ್ದು, ಈ ಕಾಲದಲ್ಲಿ ಎಲ್ಲ ಯಂತ್ರಗಳೂ ಕೆಟ್ಟವು ಎಂದು. ಪ್ಲೇಯರನ್ನು ಟವೆಲಿನಲ್ಲಿ ಸುತ್ತಿ ರಿಪೇರಿಯವರ ಯಾತ್ರೆ ಹೊರಟರು.

ಹೊಸದುರ್ಗದ ರಿಪೇರಿಯವನು ಲೆನ್ಸ್ ಮೇಲೆ ಧೂಳು ಕೂತಿದೆ ಎಂದು ಹತ್ತಿಯಿಂದ ಒರೆಸಿ ಕೊಟ್ಟ. ಹೊಳಲ್ಕೆರೆಯವನು ಮೋಟಾರ್ ಹೋಗಿದೆ ಎಂದು ಹೊಸದು ಹಾಕಿದ. ಹಿರಿಯೂರಿನವನು ಒಳಗೆ ಇಣುಕಿ ನೋಡಿ, "ಇದು ಡೂಪ್ಲಿಕೇಟ್ ಮೋಟಾರ್, ಯಾರ್ ಹಾಕಿದ್ದು ಸರ್?" ಎಂದು ಕೇಳಿ ಮತ್ತೊಂದು ಹಾಕಿದ. ಕೆಟ್ಟಿಲ್ಲ ಎಂದು ಹೇಳುವ ಧೈರ್ಯ ಮೂವರಲ್ಲಿ ಒಬ್ಬನಿಗೂ ಇರಲಿಲ್ಲ. ಇಷ್ಟು ದೊಡ್ಡ ಮನುಷ್ಯರು ಕೆಟ್ಟಿದೆ ಎಂದು ತಂದ ಮೇಲೆ ಅದು ಕೆಟ್ಟಿರಲೇಬೇಕು ಎಂಬುದು ಅವರ ತಾಂತ್ರಿಕ ಜ್ಞಾನ.

ಎರಡು ಮೋಟಾರು ಬದಲಾದರೂ ಹಾಡು ಓಡುವುದು ನಿಲ್ಲಲಿಲ್ಲ. ಆಗ ಭಾವನವರು ತಪ್ಪನ್ನು ಯಂತ್ರದಿಂದ ಇಳಿಸಿ ಮನುಷ್ಯನ ಮೇಲೆ ಹೊರಿಸಿದರು. ಮೋಟಾರು ಹೊಸದು, ಹಾಗಾದರೆ ಓಡಿಸಿದವನು ತಬಲಾದವನೇ. ಈ ತೀರ್ಪನ್ನು ಹೊಸದುರ್ಗದಲ್ಲಿ ಹೇಳಿದರು, ಹೊಳಲ್ಕೆರೆಯಲ್ಲಿ ಹೇಳಿದರು, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದರು. ಹೊಳಲ್ಕೆರೆಯಲ್ಲಿ ಒಂದು ಭಜನಾ ಮಂಡಳಿ ಇತ್ತು. ಹಬ್ಬದ ದಿನಗಳಿಗೆ ಈ ಮೇಷ್ಟ್ರನ್ನೇ ತಬಲಾಕ್ಕೆ ಕರೆಯುತ್ತಿತ್ತು. ಈ ಮಾತು ಕೇಳಿ ಮಂಡಳಿಯವರು ಈ ಸಲ ಬೇರೆಯವರನ್ನು ಕರೆದರು.

ಮೇಷ್ಟ್ರು ನನಗೆ ಫೋನ್ ಮಾಡಿದಾಗ ನಮಸ್ಕಾರವನ್ನೂ ಹೇಳಲಿಲ್ಲ. ಸಿಟ್ಟಿಗೆ.

"ಮೇಡಂ, ನೀವು ಸ್ಟುಡಿಯೋದಾಗೆ ಇದ್ರಿ. ನಾನು ಓಡ್ಸಿದ್ನಾ?"

"ಇಲ್ಲ ಸರ್. ನೀವು ಹಿಡಿದ್ರಿ, ಅವರು ನಿಲ್ಲಲಿಲ್ಲ."

"ಇದನ್ನ ಅವರ ಮುಂದೆ ಹೇಳ್ರಿ. ನಾನು ಹೇಳಿದ್ರೆ ಕಳ್ಳ ಸಾಕ್ಷಿ ಹೇಳಿದಂಗೆ ಆಗ್ತೈತೆ."

"ಹೇಳಿದ್ರೆ ಒಪ್ಪಲ್ಲ ಅವರು. ತೋರ್ಸಬೇಕು."

"ತೋರ್ಸಾಣ. ನಾನೂ ಬರ್ತೀನಿ."

ಮುಂದಿನ ಭಾನುವಾರ ಮೇಷ್ಟ್ರು ಹಿರಿಯೂರಿನಿಂದ ದುರ್ಗಕ್ಕೆ ಬಂದರು. ಇಬ್ಬರೂ ಹೊಳಲ್ಕೆರೆ ಮೇಲೆ ಹೊಸದುರ್ಗಕ್ಕೆ ಹೋಗುವ ಬಸ್ಸು ಹತ್ತಿದೆವು. ನನ್ನ ಚೀಲದಲ್ಲಿ ಸಣ್ಣ ಸ್ಕ್ರೂಡ್ರೈವರು ಮಾತ್ರ ಇತ್ತು. ಮೇಷ್ಟ್ರು ದಾರಿಯುದ್ದಕ್ಕೂ ತಾವು ಏನೇನು ಹೇಳಬೇಕೆಂದು ನನ್ನ ಮುಂದೆ ಅಭ್ಯಾಸ ಮಾಡಿದರು. ಅದರಲ್ಲಿ ಅರ್ಧವನ್ನು ಸಭ್ಯರ ಮನೆಯಲ್ಲಿ ಹೇಳಲು ಸಾಧ್ಯವಿರಲಿಲ್ಲ.

ಮನೆ ತಲುಪಿದಾಗ ಭಾವನವರು ಬಾಗಿಲಲ್ಲೇ ನಗುತ್ತ ನಿಂತಿದ್ದರು. "ಬರ್ರಿ ಬರ್ರಿ ಮೇಷ್ಟ್ರೆ! ಕುಂತ್ಕಳ್ರಿ. ಏನ್ ಅಪರೂಪ!" ಊರೆಲ್ಲ ಬೈದು ಬಂದವರಿಗೆ ಆ ಮನುಷ್ಯನ ಮುಖ ನೋಡಿದಾಗ ಒಂದಿಷ್ಟಾದರೂ ಮುಜುಗರ ಆಗಬೇಕಲ್ಲ, ಆಗಲಿಲ್ಲ. ಮೇಷ್ಟ್ರು ಅಭ್ಯಾಸ ಮಾಡಿದ್ದೆಲ್ಲ ಮರೆತು ಕೂತು ಕಾಫಿ ಕುಡಿದರು.

ನಾನು ನೇರ ಪ್ಲೇಯರಿನ ಹತ್ತಿರ ಹೋದೆ. ಮೇಲಿನಿಂದ ಸೀಡಿ ಹಾಕುವ ಮಾದರಿ. ಮುಚ್ಚಳ ತೆರೆದರೆ ತಿರುಗುವುದು ನಿಲ್ಲಲೆಂದು ಅದರಲ್ಲೊಂದು ಪುಟ್ಟ ಸ್ವಿಚ್ ಇರುತ್ತದೆ. ಅದಕ್ಕೆ ಬೆಂಕಿಕಡ್ಡಿ ಸಿಕ್ಕಿಸಿದೆ. ಈಗ ಮುಚ್ಚಳ ತೆರೆದಿದ್ದರೂ ಸೀಡಿ ತಿರುಗುತ್ತದೆ. ತಿರುಗುವುದು ಕಣ್ಣಿಗೆ ಕಾಣಬೇಕಾದರೆ ಸೀಡಿಯ ಮೇಲೊಂದು ಗುರುತು ಬೇಕು. ನಾನೇನೂ ಗುರುತು ಹಾಕಬೇಕಾಗಿರಲಿಲ್ಲ. ಭಾವನವರ ಮುಖವೇ ಅಲ್ಲಿತ್ತು.

ಮೊದಲ ಹಾಡು ಹಾಕಿದೆ. ಮುಖ, ಶಾಲು, ಕೋಟೆ ಬಾಗಿಲು ಎಲ್ಲ ಕಲಸಿ ಒಂದು ಬೂದು ಬಣ್ಣದ ಬಳೆಯಾಯಿತು. ಆಮೇಲೆ ಕೊನೆಯ ಹಾಡಿಗೆ ಹಾರಿಸಿದೆ. ಒಳಗೆ ಜುಯ್ ಎಂದು ಸದ್ದಾಗಿ ಸೀಡಿ ನಿಧಾನವಾಯಿತು. ಈಗ ಗದ್ದ ಎತ್ತಿದ ಮುಖ ಪ್ರತಿ ಸುತ್ತಿಗೂ ಹೀಗೆ ಬಂದು ಹಾಗೆ ಹೋಗುವುದು ಕಾಣುತ್ತಿತ್ತು. ಸ್ಪೀಕರಿನಲ್ಲಿ ಮಾತ್ರ ಅದೇ ಮನುಷ್ಯನ ಹಾಡು ಉಸಿರುಗಟ್ಟಿ ಓಡುತ್ತಿತ್ತು.

ಭಾವನವರು ಕುರ್ಚಿಯಿಂದ ಎದ್ದೇಬಿಟ್ಟರು. "ನೋಡಿದ್ರಾ! ನಾನ್ ಹೇಳ್ಲಿಲ್ವಾ? ಮೊದಲು ಒಂದು ಸ್ಪೀಡು, ಆಮೇಲೆ ಒಂದು ಸ್ಪೀಡು! ಮೋಟಾರೇ ಸರಿಯಿಲ್ಲ!"

"ಭಾವ, ನಿಧಾನ ಆಗಿರೋದು ಸೀಡಿ. ಹಾಡು ಜೋರಾಗೈತೆ. ಎರಡೂ ಉಲ್ಟಾ ಅದಾವೆ. ಸ್ವಲ್ಪ ಕೇಳ್ರಿ."

ತರಗತಿಯಲ್ಲಿ ಹೇಳುವುದನ್ನೇ ಹೇಳಿದೆ. ಸೀಡಿಯ ಅಡಿಯಲ್ಲಿ ಹಾಡು ಸಣ್ಣ ಸಣ್ಣ ಕುಳಿಗಳ ಸಾಲಾಗಿ, ಒಳಗಿನಿಂದ ಹೊರಕ್ಕೆ ಸುರುಳಿ ಸುತ್ತಿಕೊಂಡಿರುತ್ತದೆ. ಕುಳಿಗಳ ದಟ್ಟಣೆ ಎಲ್ಲ ಕಡೆ ಒಂದೇ. ಒಳಗಿನ ಸುತ್ತು ಚಿಕ್ಕದು, ಅಂಚಿನ ಸುತ್ತು ದೊಡ್ಡದು. ಕೆಳಗಿರುವ ಲೇಸರಿನ ಮುಂದೆ ಆ ಸಾಲು ಒಂದೇ ವೇಗದಲ್ಲಿ ಹಾದುಹೋಗಬೇಕಾದರೆ ಒಳಗೆ ಇದ್ದಾಗ ಸೀಡಿ ಬೇಗ ತಿರುಗಬೇಕು, ನಿಮಿಷಕ್ಕೆ ಹೆಚ್ಚುಕಡಿಮೆ ಐನೂರು ಸುತ್ತು. ಅಂಚಿಗೆ ಹೋಗುತ್ತ ಹೋಗುತ್ತ ಇನ್ನೂರಕ್ಕೆ ಇಳಿಯಬೇಕು. ಇಳಿಯದಿದ್ದರೆ ಅದು ಕೆಟ್ಟಿದೆ ಎಂದು ಅರ್ಥ.

"ಎಷ್ಟು ಇಳೀಬೇಕು ಅಂತ ಆ ಮೋಟಾರಿಗೆ ಹೆಂಗ್ ಗೊತ್ತಾಗ್ತೈತೆ?" ಎಂದು ಮೇಷ್ಟ್ರು ಕೇಳಿದರು. ಆ ಮನೆಯಲ್ಲಿ ಆ ದಿನ ಕೇಳಿದ ಒಂದೇ ಬುದ್ಧಿಯ ಪ್ರಶ್ನೆ ಅದು.

"ಮೋಟಾರಿಗೆ ಏನೂ ಗೊತ್ತಿಲ್ಲ ಸರ್. ಆ ಸಾಲಿನ ಮಧ್ಯೆ ಅಲ್ಲಲ್ಲಿ ಒಂದೇ ತರದ ಗುರುತು ಬರ್ತಾ ಇರ್ತೈತೆ. ಒಳಗೊಂದು ಹರಳಿನ ಗಡಿಯಾರ ಐತೆ, ಕೈಗಡಿಯಾರದಾಗೆ ಇರ್ತೈತಲ್ಲ, ಅಂಥದ್ದು. ಗುರುತು ಗಡಿಯಾರಕ್ಕಿಂತ ಬೇಗ ಬಂದ್ರೆ ಮೋಟಾರಿಗೆ ಬ್ರೇಕು, ತಡವಾಗಿ ಬಂದ್ರೆ ದೂಡು. ಹಾಡು ಮುಗಿಯೋ ತನಕ ಇದೇ ಕೆಲಸ."

ಭಾವನವರ ಮುಖ ನೋಡಿದೆ. ತಲೆಗೆ ಏನೂ ಇಳಿದಿರಲಿಲ್ಲ. ಮಾಳಿಗೆಯ ಮೇಲಿದ್ದ ಅವರದೇ ನೀರಿನ ಟ್ಯಾಂಕನ್ನು ತೋರಿಸಿದೆ.

"ನಿಮ್ಮ ಟ್ಯಾಂಕು ಇದ್ದಂಗೆ ಭಾವ. ಸೀಡಿಯಿಂದ ಬಂದದ್ದು ನೇರವಾಗಿ ಸ್ಪೀಕರಿಗೆ ಹೋಗಲ್ಲ. ಮೊದಲು ಒಂದು ಸಣ್ಣ ಟ್ಯಾಂಕಿಗೆ ಬೀಳ್ತೈತೆ. ಅಲ್ಲಿಂದ ನಲ್ಲಿ ಬಿಡೋದು ಹರಳಿನ ಗಡಿಯಾರ, ಅದು ಯಾವಾಗಲೂ ಒಂದೇ ಸಮ ಬಿಡ್ತೈತೆ. ಟ್ಯಾಂಕು ತುಂಬ್ತಾ ಬಂದ್ರೆ ಮೋಟಾರು ನಿಧಾನ, ಖಾಲಿ ಆಗ್ತಾ ಬಂದ್ರೆ ಜೋರು. ಮೋಟಾರು ಸ್ವಲ್ಪ ಹೆಚ್ಚುಕಡಿಮೆ ಆದ್ರೂ ನಲ್ಲೀಲಿ ಗೊತ್ತೇ ಆಗಲ್ಲ."

ಭಾವನವರು ಯೋಚಿಸಿ, "ಹಂಗಾದ್ರೆ ನಲ್ಲಿ ಕೆಟ್ಟೈತೆ" ಎಂದರು.

ಮೇಷ್ಟ್ರು ಕೈಯಲ್ಲಿದ್ದ ಲೋಟವನ್ನು ನೆಲಕ್ಕೆ ಇಟ್ಟರು. ಎಸೆಯದೆ ಇಟ್ಟದ್ದಕ್ಕೆ ಅವರನ್ನು ಮೆಚ್ಚಬೇಕು.

ನಾನು ತಿರುಗುತ್ತಿದ್ದ ಸೀಡಿಯ ಅಂಚಿಗೆ ಬೆರಳು ತಾಗಿಸಿದೆ, ಮೆಲ್ಲಗೆ. ಒಳಗಿನ ಮೋಟಾರು ಬೆರಳಿಗೆ ವಿರುದ್ಧವಾಗಿ ಒತ್ತುವುದು ಗೊತ್ತಾಯಿತು. ಹಾಡು ಒಂದಿಷ್ಟೂ ಬದಲಾಗಲಿಲ್ಲ. ಇನ್ನೂ ಒತ್ತಿದೆ. ಹಾಡು ಕಡಿದು ಕಡಿದು ಬಂದು, ಪೂರ್ತಿ ನಿಂತೇಹೋಯಿತು. ಬೆರಳು ತೆಗೆದೆ; ತಡವರಿಸಿ ಮತ್ತೆ ಹಿಡಿದುಕೊಂಡಿತು.

"ನೋಡಿದ್ರಾ? ಮೋಟಾರು ಸೋತ್ರೆ ಹಾಡು ನಿಲ್ತೈತೆ. ಎಳೆಯೋದೂ ಇಲ್ಲ, ಓಡೋದೂ ಇಲ್ಲ. ಹಳೇ ಟೇಪ್ ರೆಕಾರ್ಡರ್ ಅಲ್ಲ ಇದು."

"ನೀನು ಕೈ ಹಾಕಿದ್ರೆ ಏನ್ ಬೇಕಾದ್ರೂ ಆಗ್ತೈತಮ್ಮ" ಎಂದರು ಭಾವನವರು.

ಅಕ್ಕ ಅಲ್ಲಿಯವರೆಗೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಹಾರ್ಮೋನಿಯಂ ಮುಂದೆ ಬಂದು ಕೂರು ಎಂದು ನಾನು ಕರೆದಾಗ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಭಾವನವರು ರೆಕಾರ್ಡಿಂಗಿಗೆ ಒಯ್ದಿದ್ದ ಹಾರ್ಮೋನಿಯಂ ಅದೇ. ಮೊದಲ ಹಾಡು ಹಾಕಿ, ಇದರ ಶ್ರುತಿ ಯಾವುದು ನೋಡು ಎಂದೆ. ಒಂದೆರಡು ಕಡೆ ಒತ್ತಿ ನೋಡಿ, "ಕಪ್ಪು ಒಂದು" ಎಂದಳು, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಪಟ್ಟಿ. ಹಾಡಿನ ಕೊನೆಗೆ, ಲಯ ಓಡುತ್ತಿದ್ದಲ್ಲಿಗೆ ಹೋದೆ. "ಕಪ್ಪು ಒಂದೇ." ಕೊನೆಯ ಪದದ ಕೊನೆಯ ನುಡಿ ಹಾಕಿದೆ. ಅಕ್ಕನ ಬೆರಳು ಆ ಪಟ್ಟಿಯ ಮೇಲೇ ಇತ್ತು. ಹಾರ್ಮೋನಿಯಮ್ಮಿನ ದನಿ, ಸೀಡಿಯ ದನಿ ಎರಡೂ ಒಂದರೊಳಗೊಂದು ಕೂತವು.

"ಭಾವ, ಯಂತ್ರ ಜೋರಾಗಿ ಓಡಿದ್ರೆ ಶ್ರುತಿ ಮೇಲಕ್ಕೆ ಹೋಗಬೇಕು. ನಿಮ್ಮ ದನಿ ಹೆಂಗಸಿನ ದನಿಯಂಗೆ ಆಗಬೇಕು. ಶ್ರುತಿ ಅಲ್ಲಾಡಿಲ್ಲ. ಅಂದ್ರೆ ಯಂತ್ರ ಓಡಿಲ್ಲ. ಓಡಿದ್ದು ನೀವು."

ಇದಕ್ಕೆ ಉತ್ತರವಿಲ್ಲ ಎಂದು ನಾನು ತಿಳಿದಿದ್ದೆ. ಭಾವನವರಲ್ಲಿ ಉತ್ತರ ಇತ್ತು. "ಆ ಹಾರ್ಮೋನಿಯಂ ಮಳೆಗಾಲದಾಗೆ ಉಬ್ಬಿಕೊಂಡೈತೆ. ಅದರ ಮಾತು ಯಾಕೆ ನಂಬ್ತೀರಿ?" ಎಂದು ಹೇಳಿ, ಮೇಷ್ಟ್ರ ಕಡೆ ತಿರುಗಿ, "ಮೇಷ್ಟ್ರೆ, ಬೇಜಾರ್ ಮಾಡ್ಕಬ್ಯಾಡ್ರಿ, ತಬಲಾ ಸ್ವಲ್ಪ ಅವಸರ ಆಯ್ತು ಅಷ್ಟೇ. ಎಲ್ಲರಿಗೂ ಆಗ್ತೈತೆ" ಎಂದು ಕ್ಷಮಿಸಿಬಿಟ್ಟರು!

ಮೇಷ್ಟ್ರು ಬಾಯಿ ತೆಗೆಯುವ ಮೊದಲೇ ಅಕ್ಕ ಮಾತಾಡಿದಳು. ಹಾರ್ಮೋನಿಯಮ್ಮಿನ ತಿದಿಯನ್ನು ಮೆಲ್ಲಗೆ ಮುಚ್ಚಿ ಕೊಂಡಿ ಹಾಕುತ್ತಲೇ ಹೇಳಿದಳು.

"ಅವರಿಗ್ಯಾಕೆ ಅಂತೀರಿ? ಮದುವೆಯಾದಾಗಿಂದ ನೀವು ಓಡ್ತಾನೇ ಇದೀರಿ. ನಾನು ಪಕ್ಕದಾಗೆ ಕುಂತು ಹಿಡ್ಕಂಡು ಹಿಡ್ಕಂಡು ಇಟ್ಟಿದ್ದೆ. ಕೈ ನೋವು ಬರೋಹಂಗೆ ಕುಟ್ತಿದ್ದೆ, ನಿಮ್ಮ ಕಿವಿಗೆ ಬೀಳಲಿ ಅಂತ. ಅವತ್ತು ಒಂದು ದಿನ ತಾಳ ಬ್ಯಾಡ ಅಂದ್ರಿ. ಏನಾಯ್ತು ಅಂತ ಊರೇ ಕೇಳೈತೆ."

ಭಾವನವರು ನನ್ನನ್ನು ನೋಡಿದರು, ಮೇಷ್ಟ್ರನ್ನು ನೋಡಿದರು. ದೂರಲು ಹತ್ತಿರದಲ್ಲಿ ಯಾವ ಸಾಮಾನೂ ಸಿಗಲಿಲ್ಲ. "ಹಂಗಾದ್ರೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದರು, ಸಣ್ಣ ದನಿಯಲ್ಲಿ.

"ಹೇಳಿದ್ರೆ ತಾಳ ಸರಿಯಿಲ್ಲ ಅಂತಿದ್ರಿ."

ಮೇಷ್ಟ್ರು ನಕ್ಕರು. ತಡೆದುಕೊಳ್ಳಲು ನೋಡಿ, ಆಗದೆ, ಮೂಗಿನಿಂದ ನಕ್ಕರು. ಆ ನಗುವಿನಲ್ಲಿ ಸಿಟ್ಟೂ ಹೋಯಿತು ಎಂದು ಕಾಣುತ್ತದೆ. ಊಟ ಮಾಡಿಕೊಂಡೇ ಹೊರಟರು. ನನಗೆ ಮಾತ್ರ ಸಿಟ್ಟು ಹೋಗಲಿಲ್ಲ. ಅಕ್ಕನಂಥ ಲಯಜ್ಞಾನ ಇದ್ದವಳು ಇಷ್ಟು ವರ್ಷ ಒಬ್ಬ ಮನುಷ್ಯನಿಗೆ ಬ್ರೇಕಾಗಿ ಕೂತಿದ್ದಳಲ್ಲ ಎಂದು ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಬಂದೆ.

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. ಮೇಷ್ಟ್ರದ್ದು ತಪ್ಪಿಲ್ಲವೆಂದು ಹೊಳಲ್ಕೆರೆಯ ಮಂಡಳಿಯವರಿಗೆ ನೀವೇ ಹೇಳುವ ತನಕ ನಾನು ನಿಮ್ಮ ಹಾಡಿಗೆ ತಾಳ ಮುಟ್ಟುವುದಿಲ್ಲ ಎಂದಳು. ಭಾವನವರು ಒಂದಷ್ಟು ದಿನ ಒಬ್ಬರೇ ಹಾಡಿಕೊಂಡರು. ಹಾಡು ಶುರುವಾಗಿ, ಓಡಿ, ಎಡವಿ ನಿಲ್ಲುತ್ತಿತ್ತಂತೆ. ಕೊನೆಗೆ ಸ್ಪೀಕರ್ ಫೋನಿನಲ್ಲಿ ಅಕ್ಕನ ಎದುರೇ ಮಂಡಳಿಯ ಅಧ್ಯಕ್ಷರಿಗೆ ಫೋನ್ ಮಾಡಿದರು. "ಆ ಸೀಡಿ ವಿಷಯ ಪರಿಶೀಲನೆ ಮಾಡಿಸ್ದೆ ಕಣ್ರಿ. ಮಿಷನ್‌ದೂ ತಪ್ಪಿಲ್ಲ, ಮೇಷ್ಟ್ರದ್ದೂ ತಪ್ಪಿಲ್ಲ ಅಂತ ವರದಿ ಬಂದೈತೆ." ಹಾಗಾದರೆ ಯಾರದ್ದು ಎಂದು ಅಧ್ಯಕ್ಷರು ಕೇಳಿದರಂತೆ. "ಇನ್ನೂ ಗೊತ್ತಾಗಿಲ್ಲ" ಎಂದು ಹೇಳಿ ಫೋನ್ ಇಟ್ಟರಂತೆ. ಕಚೇರಿಯ ಭಾಷೆ ಎಷ್ಟು ಉಪಕಾರಿ ನೋಡಿ. ಅದರಲ್ಲಿ ಮಾತಾಡಿದರೆ ತಪ್ಪು ಒಪ್ಪಿಕೊಂಡ ಹಾಗೂ ಆಗುತ್ತದೆ, ಒಪ್ಪಿಕೊಳ್ಳದ ಹಾಗೂ ಆಗುತ್ತದೆ.

ಮಂಡಳಿಯವರು ಮೇಷ್ಟ್ರನ್ನು ಮತ್ತೆ ಕರೆದರು. ಮೇಷ್ಟ್ರು ಒಂದು ಷರತ್ತು ಹಾಕಿದರು: ತಾಳಕ್ಕೆ ಅಕ್ಕ ಬರಬೇಕು. ಅಕ್ಕ ಮೊದಲು ಅಯ್ಯೋ ಬೇಡ ಎಂದಳು. ನಾನು ಫೋನಿನಲ್ಲಿ ಬೈದೆ. ಹೋದಳು. ಅಲ್ಲಿ ಅವಳು ಯಾರನ್ನೂ ಹಿಡಿದು ಎಳೆಯಬೇಕಾಗಿರಲಿಲ್ಲ; ಹತ್ತಾರು ಹೆಂಗಸರು ಗಂಡಸರು ಒಂದೇ ಲಯದಲ್ಲಿ ಹಾಡುವವರು. ತಾಳವನ್ನು ಮೆಲ್ಲಗೆ ಹಾಕಿದರೂ ಸಾಕಾಗುತ್ತಿತ್ತು.

ಈಗ ತಿಂಗಳಿಗೊಮ್ಮೆ ಹೊಳಲ್ಕೆರೆಗೆ ಹೋಗುತ್ತಾಳೆ. ಸ್ಕೂಟರಿನಲ್ಲಿ ಕರೆದುಕೊಂಡು ಹೋಗುವವರು ಭಾವನವರೇ. ಮಂಡಳಿಯವರು ತಮ್ಮನ್ನೂ ಹಾಡಲು ಕರೆದಾರು ಎಂದು ಮೊದಮೊದಲು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಯಾರೂ ಕರೆಯಲಿಲ್ಲ. ಕಳೆದ ಸಲ ನಾನೂ ಹೋಗಿದ್ದೆ. ಭಾವನವರು ಹಿಂದೆ, ಚಪ್ಪಲಿ ಬಿಡುವ ಜಾಗದ ಹತ್ತಿರ ಕೂತಿದ್ದರು. ಭಜನೆ ಮುಗಿದ ಮೇಲೆ ನನ್ನ ಪಕ್ಕ ಬಂದು, ತುಂಬಾ ಗಂಭೀರವಾಗಿ ಕೇಳಿದರು.

"ಅಲ್ಲಮ್ಮ, ಇವರೆಲ್ಲ ಯಾಕೆ ಇಷ್ಟು ನಿಧಾನ ಹಾಡ್ತಾರೆ?"

ನಾನು ಏನಾದರೂ ಹೇಳುವ ಮೊದಲೇ ಅಕ್ಕ ಆ ಕಡೆಯಿಂದ ಕರೆದಳು. "ಬರ್ರಿ, ಪ್ರಸಾದ ಕೊಡ್ತಾ ಅವ್ರೆ. ಸಾಲಿನಾಗೆ ನಿಂತ್ಕಳ್ರಿ."

ಭಾವನವರು ಹೋಗಿ ಸಾಲಿನಲ್ಲಿ ನಿಂತರು.